ಮಲೆನಾಡಿನ ಸರ್ಕಾರಿ ಶಾಲಾ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು: ಸುತ್ತೋಲೆ, ವರ್ಗಾವಣೆ, ಟಿಇಟಿ, ತರಬೇತಿ, ಪ್ರಶಸ್ತಿ

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಶಿಕ್ಷಕರು ಕ್ಲಸ್ಟರ್ ಸಭೆಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ವರ್ಷವರ್ಷವೂ ಕೇಳುವ ಪ್ರಶ್ನೆಗಳಿವು. ಪ್ರಶ್ನೆಯ ಮಾತು ಕೇಳಿದವರದ್ದೇ. ಮೊದಲಿಗೆ ಹೊಸಬರಿಗೆ ಬೇಕಾದ್ದು, ಕೊನೆಯಲ್ಲಿ ಸೇವೆಯಲ್ಲಿ ಪಳಗಿದವರಿಗೂ ತೊಡಕೆನಿಸುವಂಥದ್ದು.

## ಸುದ್ದಿ, ಸುತ್ತೋಲೆ, ದಾಖಲೆ

ವಾಟ್ಸಾಪ್‌ನಲ್ಲಿ ಬಂದ ಆದೇಶ ನಿಜವೋ ಸುಳ್ಳೋ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಅದು ಯಾವ ಜಾತಿಯ ಕಾಗದ ಎಂದು ನೋಡಿ. ಸರ್ಕಾರಿ ಆದೇಶವಾದರೆ ನೆತ್ತಿಯ ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ಅದರ ಕೆಳಗೆ ವಿಷಯ, ‘ಓದಲಾಗಿದೆ’, ಪ್ರಸ್ತಾವನೆ, ಆಮೇಲೆ ಆದೇಶ ಸಂಖ್ಯೆ. ನಮ್ಮ ಇಲಾಖೆಯ ಆದೇಶ ಸಂಖ್ಯೆ ಸಾಮಾನ್ಯವಾಗಿ ‘ಇಪಿ’ ಎಂದು ಶುರುವಾಗಿ, ಕಡತದ ಅಂಕಿ, ಶಾಖೆಯ ಅಕ್ಷರಗಳು, ಇಸವಿ ಎಂದು ಮುಂದುವರಿಯುತ್ತದೆ. ಸಹಿಯ ಮೇಲೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು ಇರಲೇಬೇಕು. ಸುತ್ತೋಲೆ, ಜ್ಞಾಪನಗಳು ಆಯುಕ್ತರ ಕಚೇರಿ, ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ), ಪರೀಕ್ಷಾ ಮಂಡಳಿ ಅಥವಾ ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಕಚೇರಿಯಿಂದ ಹೊರಡುತ್ತವೆ. ಅವುಗಳಲ್ಲಿ ಈ ಸಾಲು ಇರುವುದಿಲ್ಲ, ಆದರೆ ಕಡತ ಸಂಖ್ಯೆ, ದಿನಾಂಕ, ಸಹಿ ಇರುತ್ತವೆ.

ನಕಲಿ ಕಾಗದಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಹಳೆಯ ಅಸಲಿ ಕಾಗದ. ಎರಡು ವರ್ಷದ ಹಿಂದಿನ ವರ್ಗಾವಣೆ ವೇಳಾಪಟ್ಟಿಯ ಎರಡನೇ ಪುಟವಷ್ಟೇ ಹರಿದಾಡುತ್ತದೆ, ಇಸವಿ ಇರುವ ಮೊದಲ ಪುಟ ಇರುವುದಿಲ್ಲ. ಪೂರ್ತಿ ಪಿಡಿಎಫ್ ಸಿಗದ ಕಾಗದವನ್ನು ಮುಂದಕ್ಕೆ ಕಳಿಸಬೇಡಿ.

ಪೇಪರಲ್ಲಿ ಬಂತು, ಟಿವಿಯಲ್ಲೂ ಬಂತು. ಬಿಇಒ ಆಫೀಸಲ್ಲಿ ಕೇಳಿದ್ರೆ ‘ನಮಗೇನೂ ಬಂದಿಲ್ಲ’ ಅಂತಾರೆ. ಯಾಕೆ?

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನವರು ಹೇಳುವುದು ಬಹುಪಾಲು ನಿಜವೇ. ಸಚಿವರ ಹೇಳಿಕೆ, ಆಯೋಗದ ಶಿಫಾರಸು, ಬಜೆಟ್ ಘೋಷಣೆ ಇವು ಯಾವುವೂ ಆದೇಶವಲ್ಲ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿತು. ದ್ವಿಭಾಷಾ ಸೂತ್ರದ ಶಿಫಾರಸು ಅದರಲ್ಲಿತ್ತು. ಮರುದಿನವೇ ‘ಮೂರನೇ ಭಾಷೆ ಶಿಕ್ಷಕರನ್ನೆಲ್ಲ ಹೆಚ್ಚುವರಿ ಮಾಡ್ತಾರಂತೆ’ ಎಂಬ ಮಾತು ಹಬ್ಬಿತು. ವರದಿಯನ್ನು ಸಂಪುಟ ಒಪ್ಪಬೇಕು, ಆದೇಶ ಹೊರಡಬೇಕು, ಬೇಕಿದ್ದರೆ ನಿಯಮ ತಿದ್ದುಪಡಿಯಾಗಿ ರಾಜ್ಯಪತ್ರದಲ್ಲಿ ಬರಬೇಕು. ಅಲ್ಲಿಯವರೆಗೆ ನಿಮ್ಮ ವೇಳಾಪಟ್ಟಿ ಬದಲಾಗುವುದಿಲ್ಲ.

ಸಿಆರ್‌ಪಿ, ಇಸಿಒ, ಬಿಆರ್‌ಸಿ, ಡಯಟ್ ಎಲ್ಲ ಕಲಸಿಹೋಗಿದೆ. ಯಾವ ಕೆಲಸಕ್ಕೆ ಯಾರ ಹತ್ರ ಹೋಗಬೇಕು?

ಪಾಠ, ತರಬೇತಿ, ಕಲಿಕಾ ಸಾಮಗ್ರಿಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಅವರ ಮೇಲೆ ಬಿಆರ್‌ಸಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ), ಜಿಲ್ಲೆಗೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ). ಇಸಿಒ ಎಂದರೆ ಬಿಇಒ ಕಚೇರಿಯ ಶಿಕ್ಷಣ ಸಂಯೋಜಕರು. ರಜೆ, ವೇತನ, ಸೇವಾ ವಹಿಗೆ ಬಿಇಒ ಕಚೇರಿಯ ವಿಷಯ ನಿರ್ವಾಹಕರು. ಪ್ರೌಢಶಾಲೆಯವರಿಗೆ ವೇತನ ಬಟವಾಡೆ ಸಾಮಾನ್ಯವಾಗಿ ಅವರ ಮುಖ್ಯ ಶಿಕ್ಷಕರ ಮೂಲಕವೇ. ಪ್ರಾಥಮಿಕ ಶಿಕ್ಷಕರ ನೇಮಕಾತಿ ಪ್ರಾಧಿಕಾರ ಡಿಡಿಪಿಐ, ಪ್ರೌಢಶಾಲಾ ಸಹಶಿಕ್ಷಕರದ್ದು ವಿಭಾಗದ ಸಹನಿರ್ದೇಶಕರು. ಸಿಆರ್‌ಪಿಗೆ ರಜೆ ಮಂಜೂರು ಮಾಡುವ ಅಧಿಕಾರವಿಲ್ಲ, ಆದರೂ ರಜೆ ಚೀಟಿಗಳು ಅವರ ಫೋನಿಗೇ ಹೋಗುತ್ತಿರುತ್ತವೆ!

ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ. ಕೊನೇ ದಿನ ಸಾಗರಕ್ಕೆ ಹೋಗಿ ಕೂತ್ರೆ ಸರ್ವರ್ ಡೌನ್. ಅವಕಾಶ ತಪ್ಪಿಹೋಯ್ತು, ಏನ್ಮಾಡೋದು?

ಆರಿದ್ರಾ ಮಳೆ ಹಿಡಿದರೆ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟು ಎರಡು ದಿನ ಬರದಿರುವುದೂ ಉಂಟು, ಟವರಿನ ಬ್ಯಾಟರಿ ಅದಕ್ಕಿಂತ ಮೊದಲೇ ಕೈಕೊಡುತ್ತದೆ. ಆದ್ದರಿಂದ ಕೊನೆಯ ದಿನಾಂಕಕ್ಕೆ ನಾಲ್ಕು ದಿನ ಹಿಂದಿನ ದಿನವನ್ನೇ ನಿಮ್ಮ ಕೊನೆಯ ದಿನ ಮಾಡಿಕೊಳ್ಳಿ. ಎರಡು ಕಡತಕೋಶಗಳನ್ನು ಫೋನಿನಲ್ಲಿ, ಪೆನ್‌ಡ್ರೈವ್‌ನಲ್ಲಿ ಸದಾ ಇಟ್ಟುಕೊಳ್ಳಿ. ಒಂದರಲ್ಲಿ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿ, ನೇಮಕಾತಿ ಆದೇಶ, ಖಾಯಂಪೂರ್ವ ಸೇವಾವಧಿ ಘೋಷಣಾ ಆದೇಶ, ಆಧಾರ್, ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಸಂಖ್ಯೆ ಇರಲಿ. ಇನ್ನೊಂದರಲ್ಲಿ ಫೋಟೊ ಮತ್ತು ಸಹಿಯ ಚಿತ್ರ. ತಂತ್ರಾಂಶಗಳು ಚಿತ್ರದ ಗಾತ್ರಕ್ಕೆ ಮಿತಿ ಹಾಕುವುದರಿಂದ ಒಂದೊಂದನ್ನೂ ದೊಡ್ಡದು, ಚಿಕ್ಕದು ಎಂದು ಎರಡು ಗಾತ್ರದಲ್ಲಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಒಟಿಪಿಯ ಕಷ್ಟ ಬೇರೆಯೇ. ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಯ ಸಿಮ್ಮು ಮನೆಯಲ್ಲಿ, ನೀವು ಸೈಬರ್ ಅಂಗಡಿಯಲ್ಲಿ ಎಂದಾದರೆ ದಿನ ಹೋದಂತೆ. ಅರ್ಜಿ ಸಲ್ಲಿಸಿದ ಮೇಲೆ ಸ್ವೀಕೃತಿ ಸಂಖ್ಯೆ ಬಂದ ಪರದೆಯನ್ನು ಉಳಿಸಿ. ‘ಸೇವ್’ ಆದ ಅರ್ಜಿ ‘ಸಬ್ಮಿಟ್’ ಆದ ಅರ್ಜಿಯಲ್ಲ. ಪ್ರತಿ ವರ್ಷ ಇಲ್ಲಿಯೇ ಹಲವರು ಎಡವುತ್ತಾರೆ.

ನನ್ನ ಸರ್ವಿಸ್ ರಿಜಿಸ್ಟರ್ ತೋರಿಸಿ ಅಂತ ಕೇಳಬಹುದಾ? ಕೇಳಿದ್ರೆ ಏನು ನೋಡಬೇಕು?

ಕೇಳಬಹುದು, ವರ್ಷಕ್ಕೊಮ್ಮೆ ನೋಡಿ ಸಹಿ ಹಾಕುವುದು ನಿಯಮವೇ. ವರ್ಗಾವಣೆ, ಬಡ್ತಿ, ಪಿಂಚಣಿ ಎಲ್ಲದರ ಬುಡ ಆ ಪುಸ್ತಕ. ಇಇಡಿಎಸ್ ಎಂಬ ಇಲಾಖೆಯ ಶಿಕ್ಷಕರ ಮಾಹಿತಿ ತಂತ್ರಾಂಶದಲ್ಲಿ ನಿಮ್ಮ ಬಗ್ಗೆ ಇರುವ ವಿವರಗಳೂ ಅದರಿಂದಲೇ ಏರಿಸಿದವು.

ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಇದೆಯೇ ಎಂದು ಮೊದಲು ನೋಡಿ. ಹುಟ್ಟಿದ ದಿನಾಂಕ ತಪ್ಪಿದ್ದರೆ ಸೇವೆಗೆ ಸೇರಿದ 3 ವರ್ಷದೊಳಗೆ ಮಾತ್ರ ತಿದ್ದುಪಡಿ ಕೇಳಬಹುದು. 1974ರ ವಯಸ್ಸು ನಿರ್ಧಾರಣಾ ಕಾಯ್ದೆ ಹಾಗೆ ಹೇಳುತ್ತದೆ, ಮೂವತ್ತು ವರ್ಷದ ನಂತರ ಕೇಳಿ ಫಲವಿಲ್ಲ. ಆಮೇಲೆ ಪ್ರತಿ ಶಾಲೆಯಲ್ಲಿ ಹಾಜರಾದ ಮತ್ತು ಬಿಡುಗಡೆಯಾದ ದಿನ, ಆ ಶಾಲೆ ಯಾವ ವಲಯದ್ದು, ರಜೆ ಲೆಕ್ಕ, ಸೇವೆಯಲ್ಲಿದ್ದಾಗ ಪಡೆದ ಪದವಿಯ ನಮೂದು, ನಾಮನಿರ್ದೇಶನ. ಮದುವೆಗೆ ಮುಂಚೆ ತಾಯಿಯ ಹೆಸರಿಗೆ ಮಾಡಿದ ನಾಮನಿರ್ದೇಶನ ಹಾಗೆಯೇ ಉಳಿದಿರುವ ಪುಸ್ತಕಗಳು ಎಷ್ಟೋ ಇವೆ.

ಪುಸ್ತಕದಲ್ಲೂ ತಂತ್ರಾಂಶದಲ್ಲೂ ಬೇರೆ ಬೇರೆ ಇದ್ದರೆ ಲಿಖಿತ ಅರ್ಜಿ ಕೊಡಿ, ದಾಖಲೆಯ ನಕಲು ಲಗತ್ತಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ವರ್ಗಾವಣೆ ಪ್ರಕಟಣೆ ಬಂದ ಮೇಲೆ ತಿದ್ದಲು ಹೊರಟರೆ ಇಡೀ ತಾಲ್ಲೂಕೇ ಅದೇ ಮೇಜಿನ ಮುಂದೆ ನಿಂತಿರುತ್ತದೆ. ಅಡಿಕೆ ಕೊಯ್ಲು ಮುಗಿದ ಮೇಲೆ, ಪರೀಕ್ಷೆಯ ಗಡಿಬಿಡಿಗೆ ಮುಂಚೆ ಹೋಗುವುದು ಸರಿ.

## ವರ್ಗಾವಣೆ

ಕೋರಿಕೆ, ಪರಸ್ಪರ, ಹೆಚ್ಚುವರಿ. ಇವುಗಳ ವ್ಯತ್ಯಾಸ ಏನು?

ಮೂರಕ್ಕೂ ಆಧಾರ 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ. ಕೋರಿಕೆಯಲ್ಲಿ ನೀವು ಕೇಳುತ್ತೀರಿ, ಖಾಲಿ ಹುದ್ದೆ ಇರಬೇಕು, ಸೇವಾ ಅಂಕದ ಸರದಿಯಲ್ಲಿ ನಿಮ್ಮ ಪಾಳಿ ಬರಬೇಕು. ಪರಸ್ಪರದಲ್ಲಿ ಖಾಲಿ ಹುದ್ದೆ ಬೇಡ. ಆದರೆ ಇಬ್ಬರೂ ಒಂದೇ ವೃಂದ, ಒಂದೇ ವಿಷಯ, ಒಂದೇ ಮಾಧ್ಯಮದವರಾಗಿರಬೇಕು. ಕನ್ನಡ ಮಾಧ್ಯಮದ ಶಿಕ್ಷಕರೂ ಉರ್ದು ಮಾಧ್ಯಮದ ಶಿಕ್ಷಕರೂ ಅದಲುಬದಲಾಗಲು ಆಗದು. ಹೆಚ್ಚುವರಿಯಲ್ಲಿ ಇಲಾಖೆಯೇ ನಿಮ್ಮನ್ನು ಮಕ್ಕಳಿರುವ ಕಡೆಗೆ ಕಳಿಸುತ್ತದೆ, ಒಪ್ಪಿಗೆಯ ಮಾತಿಲ್ಲ.

ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಒಂದು ತಾಸಿನ ದಾರಿ. ಆದ್ರೂ ಅದನ್ನ ‘ಘಟಕದ ಹೊರಗೆ’ ಅಂತಾರಲ್ಲ?

ಮಲೆನಾಡಿನವರಿಗೆ ಇದೊಂದು ಪೇಚು. ಪ್ರಾಥಮಿಕ ಶಿಕ್ಷಕರ ಜ್ಯೇಷ್ಠತಾ ಘಟಕ ಶೈಕ್ಷಣಿಕ ಜಿಲ್ಲೆ, ಪ್ರೌಢಶಾಲಾ ಸಹಶಿಕ್ಷಕರದ್ದು ವಿಭಾಗ. ಶಿವಮೊಗ್ಗ ಬೆಂಗಳೂರು ವಿಭಾಗದಲ್ಲಿದೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಚಿಕ್ಕಮಗಳೂರು ಜಿಲ್ಲೆಗೆ ಸೇರಿ ಮೈಸೂರು ವಿಭಾಗ. ಸಾಗರದ ಮಗ್ಗುಲಿಗಿರುವ ಸಿದ್ದಾಪುರ ಶಿರಸಿ ಶೈಕ್ಷಣಿಕ ಜಿಲ್ಲೆಯದ್ದು, ಬೆಳಗಾವಿ ವಿಭಾಗ. ಒಂದೇ ಮಳೆ, ಒಂದೇ ಅಡಿಕೆ, ಒಂದೇ ಮಾತು, ಆದರೂ ಕಾಗದದಲ್ಲಿ ಮೂರು ವಿಭಾಗ. ಹೀಗಾಗಿ ತೀರ್ಥಹಳ್ಳಿಯ ಪ್ರೌಢಶಾಲಾ ಶಿಕ್ಷಕರಿಗೆ ದೂರದ ಕೋಲಾರ ಘಟಕದ ಒಳಗೆ, ಪಕ್ಕದ ಕೊಪ್ಪ ಹೊರಗೆ!

ಇದರ ನಿಜವಾದ ಬೆಲೆ ಜ್ಯೇಷ್ಠತೆ. ಸ್ವಂತ ಕೋರಿಕೆಯ ಮೇಲೆ ಘಟಕ ದಾಟಿದರೆ ಹೊಸ ಘಟಕದ ಜ್ಯೇಷ್ಠತಾ ಪಟ್ಟಿಯಲ್ಲಿ ನೀವು ಕಟ್ಟಕಡೆಯವರು. ವೇತನ, ವೇತನ ಬಡ್ತಿ, ರಜೆ, ಪಿಂಚಣಿಗೆ ಹಳೆಯ ಸೇವೆ ಎಣಿಕೆಯಾಗುತ್ತದೆ. ಹುದ್ದೆಯ ಬಡ್ತಿ ಮಾತ್ರ ಹಿಂದೆ ಬೀಳುತ್ತದೆ. ಬಡ್ತಿ ಹತ್ತಿರವಿದ್ದರೆ ಮನೆಯವರ ಜೊತೆ ಕೂತು ಲೆಕ್ಕ ಹಾಕಿ.

ಸಿಗಂದೂರು ಸೇತುವೆ ಆಯ್ತಲ್ಲ, ತುಮರಿ ಕಡೆ ಶಾಲೆಗಳ ವಲಯ ಬದಲಾಗುತ್ತಾ?

ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಲಾಂಚಿನ ಹೊತ್ತು ಕಾಯುವ ಕಷ್ಟ ತಪ್ಪಿತು. ಆದರೆ ವಲಯ ಬದಲಾಗುವುದು ಪಟ್ಟಿಯ ಪರಿಷ್ಕರಣೆಯಿಂದ, ರಸ್ತೆಯಿಂದಲ್ಲ. ಪೇಟೆಯಿಂದ ದೂರದ ಶಾಲೆಗಳ ‘ಸಿ’ ವಲಯದಲ್ಲಿ ಕಳೆದ ವರ್ಷಗಳಿಗೆ ವರ್ಗಾವಣೆ ಅಂಕದಲ್ಲಿ ಹೆಚ್ಚು ತೂಕವಿರುವುದರಿಂದ ಹಿನ್ನೀರಿನ ಶಾಲೆಗಳ ಸೇವೆಯ ದಿನಾಂಕಗಳು ನಿಮ್ಮ ದಾಖಲೆಯಲ್ಲಿ ಸರಿಯಾಗಿ ಏರಿವೆಯೇ ಎಂಬುದೇ ಈಗ ನೋಡಬೇಕಾದ್ದು.

ನಮ್ಮ ಕಿರಿಯ ಪ್ರಾಥಮಿಕ ಶಾಲೇಲಿ 14 ಮಕ್ಕಳು, ನಾವಿಬ್ಬರು ಶಿಕ್ಷಕರು. ನಾನು ಹೆಚ್ಚುವರಿ ಆಗ್ತೀನಾ?

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. 150 ದಾಟಿದರೆ ಮುಖ್ಯ ಶಿಕ್ಷಕರು ಬೇರೆ. 6ರಿಂದ 8ಕ್ಕೆ ತರಗತಿಗೊಬ್ಬರಂತೆ, ವಿಜ್ಞಾನ–ಗಣಿತ, ಸಮಾಜ, ಭಾಷೆ ಮೂರಕ್ಕೂ ಒಬ್ಬೊಬ್ಬರಾದರೂ ಇರಬೇಕು. ಈ ಲೆಕ್ಕದಲ್ಲಿ 14 ಮಕ್ಕಳ ಶಾಲೆಗೂ ಇಬ್ಬರು ಸಲ್ಲುತ್ತಾರೆ. ಹಾಗಿದ್ದರೂ ಆ ವರ್ಷದ ಮಾರ್ಗಸೂಚಿಯನ್ನು ಓದಲೇಬೇಕು.

ಎಣಿಕೆಗೆ ತೆಗೆದುಕೊಳ್ಳುವುದು ಮಕ್ಕಳ ವಿವರ ದಾಖಲಿಸುವ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ನಿಗದಿತ ದಿನದಂದು ಇದ್ದ ಮಕ್ಕಳ ಸಂಖ್ಯೆ. ವಲಸೆ ಬಂದ ಕೂಲಿ ಕುಟುಂಬದ ಮೂರು ಮಕ್ಕಳು ತರಗತಿಯಲ್ಲಿ ಕೂತಿದ್ದರೂ ಹಿಂದಿನ ಶಾಲೆಯಿಂದ ಆನ್‌ಲೈನ್ ವರ್ಗಾವಣೆ ಪತ್ರ ಬಾರದಿದ್ದರೆ ಅವರು ಲೆಕ್ಕದಲ್ಲಿ ಇಲ್ಲ. ಹೆಚ್ಚುವರಿ ಪಟ್ಟಿಗೆ ಆಕ್ಷೇಪಣೆ ಸಲ್ಲಿಸುವ ಗಡುವು ಸಣ್ಣದು. ಆಗ ಹಾಜರಾತಿ ಪುಸ್ತಕ ತೋರಿಸಿದರೆ ಸಾಲದು, ಎಸ್‌ಎಟಿಎಸ್ ಮುದ್ರಿತ ಪ್ರತಿ ಬೇಕು.

ಆದ್ಯತೆ ಕೇಳೋಕೆ ಯಾವ ದಾಖಲೆ ಬೇಕು? ಹೋದ ಸಲ ನನ್ನದು ತಿರಸ್ಕಾರ ಆಯ್ತು.

ತಿರಸ್ಕಾರವಾಗುವುದು ಬಹುತೇಕ ಪ್ರಮಾಣ ಪತ್ರ ತಪ್ಪು ಕಡೆಯಿಂದ ತಂದಾಗ. ಗಂಭೀರ ಕಾಯಿಲೆಯ ಆದ್ಯತೆಗೆ ಖಾಸಗಿ ವೈದ್ಯರ ಚೀಟಿ ನಡೆಯದು, ಸಕ್ಷಮ ವೈದ್ಯಕೀಯ ಮಂಡಳಿಯ ಪತ್ರವೇ ಬೇಕು. ನಮ್ಮ ಜಿಲ್ಲೆಯವರು ಅದಕ್ಕೆ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಅಲ್ಲಿ ಮಂಡಳಿ ಕೂರುವ ದಿನ ವಿಚಾರಿಸಿಕೊಂಡೇ ಬಸ್ಸು ಹತ್ತಿ. ವರ್ಗಾವಣೆ ಕಾಯ್ದೆ ಹೆಸರಿಸದ ಕಾಯಿಲೆಗೆ, ಅದೆಷ್ಟೇ ಕಷ್ಟದ್ದಾಗಿರಲಿ, ಆದ್ಯತೆ ಸಿಗುವುದಿಲ್ಲ. ಅಂಗವೈಕಲ್ಯಕ್ಕೆ ಯುಡಿಐಡಿ ಕಾರ್ಡು, ಪತಿ–ಪತ್ನಿ ಪ್ರಕರಣಕ್ಕೆ ಸಂಗಾತಿಯ ಕಚೇರಿ ಮುಖ್ಯಸ್ಥರು ಕೊಟ್ಟ ಸೇವಾ ಪ್ರಮಾಣ ಪತ್ರ. ಸಂಗಾತಿ ಖಾಸಗಿ ಕಂಪನಿಯಲ್ಲಿದ್ದರೆ ಆ ಆದ್ಯತೆ ಇಲ್ಲ.

ಕೌನ್ಸೆಲಿಂಗ್ ದಿನ ಏನಾಗುತ್ತೆ?

ತಾತ್ಕಾಲಿಕ ಪಟ್ಟಿ, ಆಕ್ಷೇಪಣೆ, ಅಂತಿಮ ಪಟ್ಟಿ ಮುಗಿದ ಮೇಲೆ ಸರದಿಯಂತೆ ಕರೆಯುತ್ತಾರೆ. ಪರದೆಯ ಮೇಲೆ ಹುದ್ದೆ ಖಾಲಿ ಇರುವ ಶಾಲೆಗಳು ಕಾಣುತ್ತವೆ, ಒಬ್ಬರು ಆರಿಸಿದ ಕೂಡಲೇ ಆ ಶಾಲೆ ಪಟ್ಟಿಯಿಂದ ಹೋಗುತ್ತದೆ. ಒಮ್ಮೆ ಖಚಿತಪಡಿಸಿದ ಮೇಲೆ ಬದಲಾವಣೆ ಇಲ್ಲ. ನಿಮ್ಮ ಸರದಿ 80 ಆಗಿದ್ದರೆ 80 ಶಾಲೆಗಳನ್ನಲ್ಲದಿದ್ದರೂ 20 ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಕಾಗದದ ಮೇಲೆ ಬರೆದುಕೊಂಡು ಹೋಗಿ. ಹೆಸರು ನೋಡಿ ಆರಿಸಬೇಡಿ. ಒಂದೇ ಹೆಸರಿನ ಹಳ್ಳಿಗಳು ಸೊರಬದಲ್ಲೂ ಸಾಗರದಲ್ಲೂ ಇರುತ್ತವೆ, ಶಾಲೆಯ ಗುರುತಿನ ಡೈಸ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು ಅಲ್ಲಿನವರನ್ನೇ ಕೇಳಿ. ಬೇಸಿಗೆಯಲ್ಲಿ ನೋಡಿದ ದಾರಿಯನ್ನು ಜುಲೈನಲ್ಲಿ ನಂಬುವ ಹಾಗಿಲ್ಲ.

ವರ್ಗಾವಣೆ ಆಗಿ ಎರಡು ತಿಂಗಳಾಯ್ತು, ಸಂಬಳ ಬಂದಿಲ್ಲ.

ಹಳೆಯ ಕಚೇರಿಯವರು ಎಚ್‌ಆರ್‌ಎಂಎಸ್ ಎಂಬ ವೇತನ ತಂತ್ರಾಂಶದಲ್ಲಿ ನಿಮ್ಮನ್ನು ಬಿಡುಗಡೆ ಮಾಡಿಲ್ಲ, ಅಥವಾ ಅಂತಿಮ ವೇತನ ಪ್ರಮಾಣ ಪತ್ರ ಕಳಿಸಿಲ್ಲ. ನೂರಕ್ಕೆ ತೊಂಬತ್ತು ಸಲ ಇವೆರಡೇ ಕಾರಣ. ಬಿಡುಗಡೆಯ ದಿನವೇ ಎರಡನ್ನೂ ಕೇಳಿ. ಪ್ರಭಾರ ಮುಖ್ಯ ಶಿಕ್ಷಕರಾಗಿದ್ದವರು ಅಕ್ಕಿ, ಬೇಳೆ, ಹಾಲಿನ ಪುಡಿಯ ದಾಸ್ತಾನು ತೂಗಿ ಬರೆದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜಂಟಿ ಖಾತೆಯ ಚೆಕ್ ಪುಸ್ತಕ ಮತ್ತು ನಗದು ವಹಿ ಒಪ್ಪಿಸಿ, ಪ್ರಭಾರ ಪಟ್ಟಿಗೆ ಇಬ್ಬರೂ ಸಹಿ ಮಾಡಬೇಕು. ಎರಡು ಮೂಟೆ ಅಕ್ಕಿಯ ಲೆಕ್ಕ ನಿವೃತ್ತಿಯ ಹೊತ್ತಿಗೆ ಬಾಕಿ ಪ್ರಮಾಣ ಪತ್ರಕ್ಕೆ ಅಡ್ಡ ಬರುವುದುಂಟು. ಕೋರಿಕೆ ವರ್ಗಾವಣೆಗೆ ಪ್ರಯಾಣ ಭತ್ಯೆ ಇಲ್ಲ.

## ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮತ್ತು ಮುಂದಿನ ಓದು

ಇಪ್ಪತ್ತು ವರ್ಷ ಪಾಠ ಮಾಡಿದ್ದೀವಿ. ಈಗ ನಾವೂ ಟಿಇಟಿ ಬರೀಬೇಕಂತೆ, ನಿಜನಾ?

ನಿಜ. ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟಿತು. 1ರಿಂದ 8ನೇ ತರಗತಿಗೆ ಪಾಠ ಮಾಡುವ, ಶಿಕ್ಷಣ ಹಕ್ಕು ಕಾಯ್ದೆಗೆ ಮುಂಚೆ ನೇಮಕವಾದ ಶಿಕ್ಷಕರಲ್ಲಿ ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರು 2 ವರ್ಷದೊಳಗೆ ಟಿಇಟಿ ಪಾಸಾಗಬೇಕು. 5 ವರ್ಷದೊಳಗೆ ನಿವೃತ್ತಿಯಾಗುವವರು ಟಿಇಟಿ ಇಲ್ಲದೆ ಮುಂದುವರಿಯಬಹುದು, ಆದರೆ ಬಡ್ತಿ ಬೇಕಾದರೆ ಅವರಿಗೂ ಟಿಇಟಿ ಬೇಕು. ನಮ್ಮಲ್ಲಿ ನಿವೃತ್ತಿ ವಯಸ್ಸು 60. ಸರಳವಾಗಿ ಹೇಳುವುದಾದರೆ 1970ರ ಸೆಪ್ಟೆಂಬರ್ ಅಥವಾ ಆಮೇಲೆ ಹುಟ್ಟಿದವರು ಬರೆಯಬೇಕಾದವರ ಸಾಲಿನಲ್ಲಿದ್ದಾರೆ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಲಾಗಿದೆ. 9 ಮತ್ತು 10ಕ್ಕೆ ಮಾತ್ರ ಪಾಠ ಮಾಡುವವರಿಗೆ ಇದು ಅನ್ವಯಿಸದು.

ತೀರ್ಪಿನ ವಿರುದ್ಧ ಮರುಪರಿಶೀಲನಾ ಅರ್ಜಿಗಳು ಸಲ್ಲಿಕೆಯಾಗಿವೆ, ಶಿಕ್ಷಕರ ಸಂಘಗಳು ವಿನಾಯಿತಿ ಕೇಳುತ್ತಿವೆ. ಕೇಳುವುದು ತಪ್ಪಲ್ಲ. ಆದರೆ ವಿನಾಯಿತಿ ಬಂದೇ ಬರುತ್ತದೆಂದು ನಂಬಿ ಅರ್ಜಿ ಹಾಕದೆ ಕೂರುವುದು ಮಾತ್ರ ಜಾಣತನವಲ್ಲ. ಒಮ್ಮೆ ಪಾಸಾದರೆ ಪ್ರಮಾಣ ಪತ್ರಕ್ಕೆ ಜೀವಾವಧಿ ಮಾನ್ಯತೆ ಇದೆ.

ಪತ್ರಿಕೆ 1 ಬರೀಬೇಕಾ, 2 ಬರೀಬೇಕಾ? ಓದೋದು ಎಲ್ಲಿಂದ ಶುರು ಮಾಡಲಿ?

1ರಿಂದ 5ಕ್ಕೆ ಪತ್ರಿಕೆ 1, 6ರಿಂದ 8ಕ್ಕೆ ಪತ್ರಿಕೆ 2. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡೂ ಕಡೆ ಪಾಠ ಮಾಡುವವರು ವಿದ್ಯಾರ್ಹತೆ ಇದ್ದರೆ ಎರಡನ್ನೂ ಬರೆಯುವುದು ಒಳಿತು. ಎರಡೂ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ, ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಾಸಾಗಲು ಶೇ 60, ಅಂದರೆ 90 ಅಂಕ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲರಿಗೆ ಶೇ 55.

ಎರಡು ಭಾಷೆಗೆ 30ರಂತೆ 60, ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30. ಮೂರು ಸೇರಿ 90. ಉಳಿದ 60 ಪತ್ರಿಕೆ 1ರಲ್ಲಿ ಗಣಿತ ಮತ್ತು ಪರಿಸರ ಅಧ್ಯಯನ, ಪತ್ರಿಕೆ 2ರಲ್ಲಿ ಗಣಿತ–ವಿಜ್ಞಾನ ಅಥವಾ ಸಮಾಜ ವಿಜ್ಞಾನ. ಅನುಭವಿ ಶಿಕ್ಷಕರು ಸೋಲುವುದು ವಿಷಯದಲ್ಲಲ್ಲ. ಪಿಯಾಜೆ, ವೈಗೋಟ್ಸ್ಕಿ ಎಂಬ ಮನೋವಿಜ್ಞಾನಿಗಳ ಹೆಸರುಗಳನ್ನು ಡಿ.ಎಡ್ ಮುಗಿದ ದಿನವೇ ಬಿಟ್ಟವರು ಶಿಶು ವಿಕಾಸದಲ್ಲಿ ಸೋಲುತ್ತಾರೆ. ಹತ್ತಾರು ವರ್ಷ ಒಎಂಆರ್ ಹಾಳೆ ಮುಟ್ಟದವರು ಸಮಯದಲ್ಲಿ ಸೋಲುತ್ತಾರೆ, ಒಂದು ಪ್ರಶ್ನೆಗೆ ಸಿಗುವುದು ಒಂದೇ ನಿಮಿಷ. ಹಳೆಯ ಪ್ರಶ್ನೆಪತ್ರಿಕೆ ಹಿಡಿದು, ಗಡಿಯಾರ ಇಟ್ಟುಕೊಂಡು, ಕಪ್ಪು ಬಾಲ್ ಪೆನ್ನಿನಲ್ಲಿ ವೃತ್ತ ತುಂಬುವುದನ್ನೇ ವಾರಕ್ಕೊಮ್ಮೆ ಅಭ್ಯಾಸ ಮಾಡಿ. ನಿಮ್ಮದೇ ತರಗತಿಯ ನಲಿ–ಕಲಿ ಕಾರ್ಡು, 4–5ನೇ ತರಗತಿಯ ಪಠ್ಯಪುಸ್ತಕ ಪರಿಸರ ಅಧ್ಯಯನಕ್ಕೆ ಸಾಕಷ್ಟು ನೆರವಾಗುತ್ತವೆ.

ಕೆಲಸದಲ್ಲಿದ್ದುಕೊಂಡೇ ಬಿ.ಎಡ್ ಮಾಡಬಹುದಾ?

ದೂರಶಿಕ್ಷಣದ ಎರಡು ವರ್ಷದ ಬಿ.ಎಡ್‌ಗೆ ಪದವಿಯಲ್ಲಿ ಶೇ 50 ಮತ್ತು ಡಿ.ಎಡ್‌ನಂಥ ಶಿಕ್ಷಕ ತರಬೇತಿ ಬೇಕು. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಈ ಅವಕಾಶವಿದೆ. ದಾಖಲಾಗುವ ಮುಂಚೆ ಇಲಾಖೆಯ ಅನುಮತಿ ಪಡೆಯಿರಿ. ಅನುಮತಿ ಇಲ್ಲದೆ ಪಡೆದ ಪದವಿಯನ್ನು ಸೇವಾ ವಹಿಗೆ ಏರಿಸುವಾಗ ಕಚೇರಿ ತಡೆಯುತ್ತದೆ, ಆಗ ಘಟನೋತ್ತರ ಅನುಮತಿಗೆ ಅಲೆಯಬೇಕು.

## ತರಬೇತಿ, ಮಕ್ಕಳ ಸ್ಪರ್ಧೆ, ಪ್ರಶಸ್ತಿ

ಒಳ್ಳೇ ತರಬೇತಿಗಳಿಗೆಲ್ಲ ಪೇಟೆಯವರೇ ಹೋಗ್ತಾರೆ. ನಮಗೆ ಸಿಗೋದು ಹೇಗೆ?

ಹೆಸರು ಕೊಟ್ಟವರು ಹೋಗುತ್ತಾರೆ. ಏಕೋಪಾಧ್ಯಾಯ ಶಾಲೆಯವರಿಗೆ ಬದಲಿ ವ್ಯವಸ್ಥೆ ಇಲ್ಲದೆ ಬಿಡುಗಡೆ ಸಿಗದು ಎಂಬುದೂ ನಿಜ, ಅದು ನ್ಯಾಯವಾದ ದೂರು. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇಂಗ್ಲಿಷ್ ಕಲಿಸುವ ಶಿಕ್ಷಕರಿಗೆ 30 ದಿನದ ತರಬೇತಿ ನಡೆಸುತ್ತದೆ. ಇಡೀ ತಿಂಗಳು ಅಲ್ಲೇ ಇರಬೇಕಾದ್ದರಿಂದ ಹೆಸರು ಕೊಡುವವರು ಕಡಿಮೆ, ಹೀಗಾಗಿ ಕೇಳಿದವರಿಗೆ ಸಿಗುವ ಸಾಧ್ಯತೆ ಹೆಚ್ಚು. ಸಿಸಿಆರ್‌ಟಿ ಎಂಬ ಕೇಂದ್ರ ಸಂಸ್ಥೆ ಹೈದರಾಬಾದ್ ಮುಂತಾದೆಡೆ ಕಲೆ, ಬೊಂಬೆಯಾಟ, ಪರಂಪರೆಯನ್ನು ಪಾಠಕ್ಕೆ ಜೋಡಿಸುವ ಶಿಬಿರ ಮಾಡುತ್ತದೆ. ಯಕ್ಷಗಾನ ಗೊತ್ತಿರುವ ನಮ್ಮ ಕಡೆಯ ಶಿಕ್ಷಕರಿಗೆ ಅದು ಒಗ್ಗುತ್ತದೆ. ಇಂಥವುಗಳ ಪತ್ರ ಡಯಟ್‌ಗೂ ಬಿಇಒ ಕಚೇರಿಗೂ ಬರುತ್ತದೆ. ವರ್ಷಾರಂಭದಲ್ಲೇ ‘ಇಂಥ ತರಬೇತಿಗೆ ಸಿದ್ಧನಿದ್ದೇನೆ’ ಎಂದು ಸಿಆರ್‌ಪಿ ಮೂಲಕ ಬರೆದುಕೊಟ್ಟಿರಿ.

ದೀಕ್ಷಾ ಕೋರ್ಸ್ ಮುಗಿಸಿದೆ, ಸರ್ಟಿಫಿಕೇಟ್ ಬರಲೇ ಇಲ್ಲ.

ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಕೋರ್ಸಿನ ಒಳಗಿರುವ ಪ್ರತಿ ತುಣುಕೂ ತೆರೆದು ಶೇ 100 ಆಗಬೇಕು, ನಿಷ್ಠಾ ಎಂಬ ಶಿಕ್ಷಕ ತರಬೇತಿ ಕೋರ್ಸುಗಳಲ್ಲಿ ಮೌಲ್ಯಮಾಪನದಲ್ಲಿ ಶೇ 70 ಬರಬೇಕು. ವಿಡಿಯೊವನ್ನು ಎಳೆದು ಕೊನೆಗೆ ಒಯ್ದರೆ ಶೇ 98ರಲ್ಲಿ ನಿಲ್ಲುತ್ತದೆ. ನೆಟ್‌ವರ್ಕ್ ಇಲ್ಲದೆಡೆ ಕೋರ್ಸು ಇಳಿಸಿಕೊಂಡು ನೋಡಬಹುದು, ಆದರೆ ಸಿಗ್ನಲ್ ಸಿಕ್ಕಾಗ ಆ್ಯಪ್ ತೆರೆದು ಪ್ರಗತಿ ಸಿಂಕ್ ಮಾಡದಿದ್ದರೆ ಅತ್ತ ಏನೂ ದಾಖಲಾಗದು. ಒಮ್ಮೆ ಜಿಮೇಲ್‌ನಿಂದ, ಇನ್ನೊಮ್ಮೆ ರಾಜ್ಯದ ಲಾಗಿನ್‌ನಿಂದ ಒಳಹೋದವರ ಪ್ರಗತಿ ಎರಡು ಖಾತೆಗಳಲ್ಲಿ ಅರ್ಧರ್ಧ ಹಂಚಿಹೋಗಿರುತ್ತದೆ. ಪ್ರಮಾಣ ಪತ್ರದ ಹೆಸರು ಪ್ರೊಫೈಲ್‌ನಲ್ಲಿದ್ದಂತೆಯೇ ಬರುತ್ತದೆ, ಮೊದಲೇ ಸರಿಪಡಿಸಿ.

ಇನ್‌ಸ್ಪೈರ್, ಎನ್‌ಎಂಎಂಎಸ್‌ಗೆ ನಮ್ಮ ಮಕ್ಕಳ ಹೆಸರು ಯಾಕೆ ಬರಲ್ಲ?

ಮಕ್ಕಳ ವಿಜ್ಞಾನ ಆಲೋಚನೆಗಳ ಸ್ಪರ್ಧೆಯಾದ ಇನ್‌ಸ್ಪೈರ್ ಮಾನಕ್‌ಗೆ ಪ್ರತಿ ಶಾಲೆ 5 ಆಲೋಚನೆ ಕಳಿಸಬಹುದು. ಆಯ್ಕೆಯಾದ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ. ಬಿಸಾಡುವುದು ಅಂತರ್ಜಾಲದಿಂದ ಎತ್ತಿದ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಮಾದರಿಗಳನ್ನು. ಮಕ್ಕಳನ್ನು ಕೇಳಿ: ಮನೆಯಲ್ಲಿ ಯಾವ ಕೆಲಸ ಕಷ್ಟ? ಮಳೆಗಾಲದಲ್ಲಿ ಅಡಿಕೆ ಒಣಗಿಸುವುದು, ದೋಟಿ ಹಿಡಿದು ಕತ್ತೆತ್ತಿ ಅಡಿಕೆ ಗೊನೆಗೆ ಬೋರ್ಡೊ ದ್ರಾವಣ ಹೊಡೆಯುವುದು, ಮಂಗ ಓಡಿಸುವುದು, ಉಂಬಳ. ಆ ಕಷ್ಟಕ್ಕೊಂದು ಸಣ್ಣ ಉಪಾಯವೇ ಆಲೋಚನೆ.

ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಎಂಟನೇ ತರಗತಿಯವರಿಗೆ. ಪಾಸಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ಆದಾಯ ಮೂರೂವರೆ ಲಕ್ಷ ಮೀರಬಾರದು, ಏಳರಲ್ಲಿ ಶೇ 55 ಇರಬೇಕು, ಪರಿಶಿಷ್ಟರಿಗೆ ಶೇ 5 ರಿಯಾಯಿತಿ. ಬೌದ್ಧಿಕ ಸಾಮರ್ಥ್ಯ ಮತ್ತು ವ್ಯಾಸಂಗ ಪ್ರವೃತ್ತಿ, ತಲಾ 90 ಅಂಕ. ಉಚಿತ ವಸತಿ ಶಾಲೆಯ ಮಕ್ಕಳಿಗೆ ಅವಕಾಶವಿಲ್ಲ. ಪರೀಕ್ಷೆ ಪಾಸಾಗಿಯೂ ಹಣ ಬಾರದ ಮಕ್ಕಳಿದ್ದಾರೆ: ಆಧಾರ್‌ನ ಹೆಸರಿಗೂ ಎಸ್‌ಎಟಿಎಸ್ ಹೆಸರಿಗೂ ಒಂದಕ್ಷರ ವ್ಯತ್ಯಾಸ, ಅಥವಾ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತಿ ವರ್ಷ ನವೀಕರಿಸದಿರುವುದು. ಮಗು ಒಂಬತ್ತಕ್ಕೆ ಬೇರೆ ಶಾಲೆಗೆ ಹೋದಾಗ ಈ ನವೀಕರಣ ಯಾರ ಕೆಲಸವೂ ಅಲ್ಲದಂತಾಗುತ್ತದೆ.

ರಾಷ್ಟ್ರ ಪ್ರಶಸ್ತಿಗೆ ಯಾರಾದರೂ ನಮ್ಮ ಹೆಸರು ಶಿಫಾರಸು ಮಾಡಬೇಕಾ?

ಬೇಡ. 2018ರಿಂದ ಶಿಕ್ಷಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕುತ್ತಾರೆ. ಕನಿಷ್ಠ 10 ವರ್ಷದ ಖಾಯಂ ಸೇವೆ ಬೇಕು, ಖಾಸಗಿ ಟ್ಯೂಷನ್ ಮಾಡುವವರು ಅನರ್ಹರು. ಜಿಲ್ಲಾ ಸಮಿತಿ, ರಾಜ್ಯ ಸಮಿತಿ, ಕೊನೆಗೆ ರಾಷ್ಟ್ರೀಯ ತೀರ್ಪುಗಾರರು. ಪ್ರಶಸ್ತಿಯಲ್ಲಿ 50,000 ರೂಪಾಯಿ, ಬೆಳ್ಳಿ ಪದಕ ಇವೆ. ಅಂಕದ ದೊಡ್ಡ ಪಾಲು ತರಗತಿಯಲ್ಲಿ ಮಾಡಿದ ಕೆಲಸಕ್ಕೆ. ನಮ್ಮವರ ಕಡತಗಳು ಸನ್ಮಾನದ ಫೋಟೊಗಳಿಂದ ತುಂಬಿರುತ್ತವೆ, ಶಾಲು ಹೊದಿಸಿದ್ದು ಎಷ್ಟು ಸಲ ಎಂದು ಅಲ್ಲಿ ಯಾರೂ ಎಣಿಸುವುದಿಲ್ಲ. ಜೂನ್‌ನಲ್ಲಿ ಎಷ್ಟು ಮಕ್ಕಳು ಓದುತ್ತಿದ್ದರು, ಮಾರ್ಚ್‌ಗೆ ಎಷ್ಟು, ನಡುವೆ ಏನು ಮಾಡಿದಿರಿ ಎಂಬ ದಿನಾಂಕ ಸಹಿತ ದಾಖಲೆ ಬೇಕು.

## ತೊಡಕಿನ ಪ್ರಶ್ನೆಗಳು

ಮಳೆ ರಜೆ ಎಂಟು ದಿನ ಆಯ್ತು. ಭಾನುವಾರ ಶಾಲೆ ನಡೆಸಲೇಬೇಕಾ?

ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 1ರಿಂದ 5ಕ್ಕೆ ವರ್ಷಕ್ಕೆ 200 ದಿನ ಹಾಗೂ 800 ಗಂಟೆ, 6ರಿಂದ 8ಕ್ಕೆ 220 ದಿನ ಹಾಗೂ 1,000 ಗಂಟೆ ಎಂದಿದೆ. ರಜೆ ಘೋಷಣೆಯ ಆದೇಶದಲ್ಲೇ ಸರಿದೂಗಿಸುವ ಕ್ರಮವೂ ಇದ್ದರೆ ಅದರಂತೆ ನಡೆಯಬೇಕು. ಶನಿವಾರ ಮಧ್ಯಾಹ್ನಗಳನ್ನು ಪೂರ್ಣ ದಿನ ಮಾಡಿ ಗಂಟೆ ಸರಿದೂಗಿಸುವುದು ಮಕ್ಕಳಿಗೂ ಸುಲಭ. ಭಾನುವಾರ ಬಸ್ಸು ಕಡಿಮೆ, ಬಿಸಿಯೂಟದವರೂ ಬರಬೇಕು. ಯಾವ ರಜೆಗೆ ಯಾವ ದಿನ ಸರಿಯಾಯಿತು ಎಂದು ಹಾಜರಾತಿ ಪುಸ್ತಕದಲ್ಲೇ ಬರೆದಿಡಿ.

ರಜೆಯಲ್ಲಿ ಗಣತಿ, ಸಮೀಕ್ಷೆ ಮಾಡಿಸಿದ್ರು. ಆ ದಿನಗಳ ಲೆಕ್ಕ ಎಲ್ಲಿ?

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಜನಗಣತಿ 2027ರ ಎಣಿಕೆ ಈ ಪಟ್ಟಿಯೊಳಗೇ ಬರುತ್ತದೆ, ಅದನ್ನು ನಿರಾಕರಿಸಲಾಗದು. ಶಿಕ್ಷಕರು ರಜಾಸಹಿತ ಇಲಾಖೆಯವರಾದ್ದರಿಂದ ವರ್ಷಕ್ಕೆ ಸಿಗುವ ಗಳಿಕೆ ರಜೆ 10 ದಿನ. ದಸರಾ, ಬೇಸಿಗೆ ರಜೆ ಬಳಸಲು ಬಿಡದೆ ಕೆಲಸಕ್ಕೆ ಹಚ್ಚಿದರೆ ಅನುಪಾತಕ್ಕೆ ತಕ್ಕಂತೆ ಹೆಚ್ಚುವರಿ ಗಳಿಕೆ ರಜೆ ಸಲ್ಲುತ್ತದೆ. ಅದಕ್ಕೆ ಬೇಕಾದ್ದು ನೇಮಿಸಿದ ಆದೇಶ ಮತ್ತು ಯಾವ ದಿನದಿಂದ ಯಾವ ದಿನದವರೆಗೆ ದುಡಿದಿರಿ ಎಂಬ ಹಾಜರಿ ಪ್ರಮಾಣ ಪತ್ರ. ಬರೀ ಗುರುತಿನ ಚೀಟಿ ತೋರಿಸಿದರೆ ವಿಷಯ ನಿರ್ವಾಹಕರು ರಜೆ ಖಾತೆಗೆ ಏರಿಸುವುದಿಲ್ಲ. ಕೆಲಸ ಮುಗಿದ ವಾರದಲ್ಲೇ ಪಡೆಯಿರಿ, ಆಮೇಲೆ ಆ ಅಧಿಕಾರಿಯೇ ವರ್ಗವಾಗಿರುತ್ತಾರೆ.

10, 15, 20 ವರ್ಷದ ಬಡ್ತಿ ತಾನಾಗಿ ಬರುತ್ತಾ?

10 ವರ್ಷಕ್ಕೆ ಕಾಲಬದ್ಧ ವೇತನ ಬಡ್ತಿ, 15ಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, 20, 25, 30ಕ್ಕೆ ಹೆಚ್ಚುವರಿ ವೇತನ ಬಡ್ತಿ. ಹೆಸರಲ್ಲಿ ‘ಸ್ವಯಂಚಾಲಿತ’ ಎಂದಿದ್ದರೂ ಪ್ರಸ್ತಾವನೆ ಹೋಗದೆ ಯಾವುದೂ ಚಲಿಸದು. ಅದೇ ಹುದ್ದೆಯಲ್ಲಿ ಬಡ್ತಿಯಿಲ್ಲದೆ ಇರಬೇಕು, ವಿಚಾರಣೆ ಬಾಕಿ ಇರಬಾರದು, ಕಾರ್ಯನಿರ್ವಹಣಾ ವರದಿಗಳು ಮತ್ತು ಆಸ್ತಿ–ಹೊಣೆಗಾರಿಕೆ ಪಟ್ಟಿ ಸಲ್ಲಿಕೆಯಾಗಿರಬೇಕು. ವೇತನರಹಿತ ಅಸಾಧಾರಣ ರಜೆ ಹಾಕಿದ್ದರೆ ದಿನಾಂಕ ಮುಂದಕ್ಕೆ ಹೋಗಬಹುದು. ಹುದ್ದೆಯ ಬಡ್ತಿ ಬಂದಾಗ ‘ಊರು ಬಿಟ್ಟು ಹೋಗಲಾರೆ’ ಎಂದು ಬರೆದುಕೊಟ್ಟವರು ಈ ಸೌಲಭ್ಯಗಳನ್ನೂ ಕಳೆದುಕೊಳ್ಳುತ್ತಾರೆ. ಆ ಒಂದು ಸಾಲು ಬರೆಯುವ ಮುಂಚೆ ಉಳಿದ ಸೇವೆಯ ವರ್ಷಗಳನ್ನು ಎಣಿಸಿ.

ನನಗಿಂತ ಕಡಿಮೆ ಅಂಕದವರಿಗೆ ಆ ಶಾಲೆ ಸಿಕ್ಕಿತು. ಎಲ್ಲಿ ಕೇಳಲಿ?

ಮೊದಲು ಅಂತಿಮ ಪಟ್ಟಿಯ ಮುದ್ರಿತ ಪ್ರತಿ ನೋಡಿ, ಅವರು ಆದ್ಯತೆಯ ಗುಂಪಿನವರಾಗಿರಬಹುದು. ಅಲ್ಲವೆಂದಾದರೆ ಕೌನ್ಸೆಲಿಂಗ್ ನಡೆಸಿದ ಪ್ರಾಧಿಕಾರಕ್ಕೆ ಲಿಖಿತ ಮನವಿ ಕೊಡಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಸೇವಾ ಅಂಕದ ವಿವರ ಕೇಳಿ: ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ‘ಯಾಕೆ ಕೊಟ್ಟಿರಿ’ ಎಂದು ಕೇಳಿದರೆ ಉತ್ತರ ಬಾರದು, ‘ಇಂಥ ಪಟ್ಟಿಯ, ಇಂಥ ಟಿಪ್ಪಣಿಯ ದೃಢೀಕೃತ ನಕಲು ಕೊಡಿ’ ಎಂದೇ ಬರೆಯಬೇಕು. ಮುಂದಿನ ಮೆಟ್ಟಿಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಸೇವಾ ವಿಷಯಕ್ಕೆ ನೇರವಾಗಿ ಹೈಕೋರ್ಟಿಗೆ ಹೋದರೆ ಮೊದಲು ಅಲ್ಲಿಗೇ ಹೋಗಿ ಎನ್ನುತ್ತಾರೆ. ಅಷ್ಟರಲ್ಲಿ ನಿಮಗೆ ಸಿಕ್ಕ ಶಾಲೆಯಲ್ಲಿ ಹಾಜರಾಗಿರಿ. ಹಾಜರಾಗದೆ ಕೂತ ದಿನಗಳಿಗೆ ರಜೆಯೂ ಇಲ್ಲ, ಸಂಬಳವೂ ಇಲ್ಲ.